ನಿಮಗಿದು ಗೊತ್ತೆ? ಶಾಂತ ತೀರವೂ ಅಪಾಯಕರ

ಹವಾಯಿಯ ಓಆಹು ದ್ವೀಪದ ಪಶ್ಚಿಮಕ್ಕಿರುವ ವಾಯಾನೇ ತೀರದಲ್ಲಿ, ಕಿರಿದಾದ ಕಯಾಕ್ ದೋಣಿಯಲ್ಲಿ ಕುಳಿತು ಟ್ಯೂನಾ, ಮಾಹಿ-ಮಾಹಿಗಳಂತಹ ಮಹಾಮತ್ಸ್ಯಗಳಿಗೆ ಗಾಳವೊಡ್ಡುವ ಸಾಹಸಿಗಳುಂಟು. ಆದರೆ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವು ಅಲ್ಲಿನ ಪರ್ವತಶ್ರೇಣಿಯನ್ನು ದಾಟಿ ಕಡಲಿನತ್ತ ಇಳಿಯುವುದರಿಂದ, ದಡದ ಸಮೀಪದಲ್ಲಿ ನೀರು ಪ್ರಶಾಂತವಾಗಿ ಕಂಡರೂ, ದೂರ ಸಾಗಿದಂತೆ ಅಲೆಗಳು ಬೆಳೆಯುತ್ತವೆ. ಮರಳುವ ಹಾದಿಯೆಲ್ಲವೂ ಎದುರುಗಾಳಿಯ ಹಾದಿಯಾಗುತ್ತದೆ.

ಗಾಳಿಯ ವೇಗ 2 ಪಟ್ಟಾದರೆ ಅದರ ಒತ್ತಡ 4 ಪಟ್ಟಾಗುವುದೆಂಬ ಭೌತನಿಯಮವನ್ನು ನೆನೆದರೆ, ದಣಿದ ತೋಳುಗಳ ಕಷ್ಟವು ಮನದಟ್ಟಾದೀತು.

ಗಾಳಕ್ಕೆ ಸಿಕ್ಕ ಬಲಿಷ್ಠ ಮೀನು ಪಕ್ಕದಿಂದ ಕೆಳಕ್ಕೆ ಜಗ್ಗಿದರೆ ಕಯಾಕು ಮಗುಚಬಲ್ಲುದು. ಆದುದರಿಂದ ನುರಿತವರು ಗಾಳದ ಕೋಲನ್ನು ಮುಂದಕ್ಕೆ ಚಾಚಿ, ದಾರವು ಕಯಾಕಿನ ಮುಂತುದಿಯ ಕಡೆಗೇ ಸಾಗುವಂತೆ ನೋಡಿಕೊಳ್ಳುತ್ತಾರೆ.

ಮಗುಚಿದ ಬರಿದಾದ ಕಯಾಕನ್ನು ಗಾಳಿಯು ಈಜುವವನಿಗಿಂತ ಶೀಘ್ರವಾಗಿ ಒಯ್ಯಬಲ್ಲುದಾದ ಕಾರಣ, ಜೀವರಕ್ಷಕ ಕವಚವನ್ನು ಕಯಾಕಿನಲ್ಲಿರಿಸದೆ ಮೈಮೇಲೆಯೇ ಧರಿಸಿರಬೇಕು. ಜಲನಿರೋಧಕ ವಿಎಚ್‌ಎಫ್ ರೇಡಿಯೋವನ್ನು ಸಹ ಆ ಕವಚಕ್ಕೇ ಬಿಗಿದಿರಬೇಕು. ವಿಪತ್ತಿನ ಕರೆಗೆ ಬಳಸಬೇಕಾದುದು ರೇಡಿಯೋದ 16ನೆಯ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್.

ನೀರಿನಿಂದ ಮರಳಿ ಕಯಾಕನ್ನೇರುವ ವಿದ್ಯೆಯನ್ನು ಆಳವಿಲ್ಲದೆಡೆಯಲ್ಲಿ ಮೊದಲೇ ಅಭ್ಯಸಿಸದೆ ಯಾರೂ ದೂರದ ಕಡಲಿಗೆ ಹೊರಡಬಾರದು.