ಒಂದು ದನಿ, ಹಲವು ಒಡೆತನ

ನಾನೀಗ ಆಡುತ್ತಿರುವ ಮಾತು ಪ್ರಸಾರ ಕೇಂದ್ರದಿಂದ ಒಮ್ಮೆ ಮಾತ್ರ ಹೊರಡುತ್ತದೆ. ಕೇಳುವವರು ಹತ್ತು ಮಂದಿಯಾದರೂ ಹತ್ತು ಲಕ್ಷವಾದರೂ ಕೇಂದ್ರದ ಶ್ರಮ ಒಂದೇ. ಅಂತರ್ಜಾಲದ ಸಂಗತಿ ಬೇರೆ. ಅಲ್ಲಿ ಒಬ್ಬೊಬ್ಬ ಕೇಳುಗನಿಗೂ ಪ್ರತ್ಯೇಕವಾಗಿ ಒಂದೊಂದು ಪ್ರತಿ ಹೋಗಬೇಕು. ನಮ್ಮ ಬಡಾವಣೆಯ ಚಿಕ್ಕ ಸಂಗೀತ ಸಭೆಯೊಂದು ಒಮ್ಮೆ ತನ್ನದೇ ಯಂತ್ರದಿಂದ ಕಛೇರಿಯನ್ನು ಹಾಗೆ ಬಿತ್ತರಿಸಿತು. ಕೇಳುಗರು ಹೆಚ್ಚಿದಂತೆ ಹಾಡು ಕಡಿಕಡಿದು ಬಂದು ಕೊನೆಗೆ ನಿಂತೇಹೋಯಿತು. ರಸಿಕರು ಹೆಚ್ಚಿದ್ದೇ ಸಭೆಗೆ ಮುಳುವಾಯಿತು.

ಇದಕ್ಕೆ ಪರಿಹಾರವನ್ನು ಯಾರೂ ಯೋಚಿಸಲಿಲ್ಲವೆಂದಲ್ಲ. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ ಎಂಬುವರು 'ಮಲ್ಟಿಕಾಸ್ಟ್' ಎಂಬ ಕ್ರಮವನ್ನು ರೂಪಿಸಿದರು. ಮೂಲದಿಂದ ಒಂದೇ ಪ್ರತಿ ಹೊರಡುವುದು. ದಾರಿ ಕವಲೊಡೆಯುವಲ್ಲಿ ರೂಟರ್ ಎಂಬ ಯಂತ್ರವೇ ಬೇಕಾದಷ್ಟು ಪ್ರತಿ ತೆಗೆದು ಹಂಚುವುದು. 1992ರ ಮಾರ್ಚಿ ತಿಂಗಳಲ್ಲಿ ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ನಡೆದ ಅಂತರ್ಜಾಲ ತಜ್ಞರ ಸಭೆಯ ಧ್ವನಿ ಈ ಕ್ರಮದಿಂದಲೇ ಮೂರು ಖಂಡಗಳ 20 ಸ್ಥಳಗಳನ್ನು ಮುಟ್ಟಿತು.

ಹಾಗಿದ್ದೂ ಇದು ಲೋಕವ್ಯಾಪಿಯಾಗಲಿಲ್ಲ, ಏಕೆ? ಅಂತರ್ಜಾಲ ಒಬ್ಬನ ಸ್ವತ್ತಲ್ಲ. 70,000ಕ್ಕೂ ಮಿಕ್ಕ ಸ್ವತಂತ್ರ ಜಾಲಗಳು ಕೂಡಿ ಅದು ಆಗಿದೆ. ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸುವಷ್ಟರ ಮಟ್ಟಿಗೆ ಅವುಗಳ ನಡುವೆ ಒಪ್ಪಂದವಿದೆ. ನಡುದಾರಿಯಲ್ಲಿ ಪ್ರತಿ ತೆಗೆಯಬೇಕೆಂದರೆ ಮಾತ್ರ ತಕರಾರು ಏಳುತ್ತದೆ. ಕಳುಹಿಸುವವನು ಒಂದೇ ಪ್ರತಿಗೆ ಹಣ ಕೊಡುತ್ತಾನೆ. ದೂರದ ಜಾಲ ಅದನ್ನು ಸಾವಿರ ಮಾಡಬೇಕು. ಆ ವೆಚ್ಚವನ್ನು ಯಾರು ಕೊಡಬೇಕು? ಯಾವ ಗುಂಪು ಎಲ್ಲಿ ಕೇಳುತ್ತಿದೆಯೆಂಬ ಲೆಕ್ಕವನ್ನು ಪ್ರತಿಯೊಂದು ರೂಟರೂ ನೆನಪಿಡಬೇಕು. ನಡುವೆ ಎಲ್ಲಿಯೋ ಕೆಟ್ಟರೆ ಹೊಣೆ ಯಾರದು? ಹತ್ತು ಊರುಗಳಲ್ಲಿ ಹಾಯುವ ಕಾಲುವೆಯಲ್ಲಿ ಮೇಲಿನ ಒಂದು ಊರಿನವರು ಹೂಳೆತ್ತದಿದ್ದರೆ ಕೆಳಗಿನವರ ದುಡಿಮೆಯೆಲ್ಲ ವ್ಯರ್ಥ. ಇಲ್ಲಿಯೂ ಹಾಗೆಯೇ. ನೆರೆಯವನು ಮಾಡದ ಹೊರತು ಮೊದಲು ಮಾಡಿದವನಿಗೆ ಲಾಭವಿಲ್ಲ. ಆದ್ದರಿಂದ ಮೊದಲಿಗನಾಗಲು ಯಾರೂ ಮುಂದಾಗಲಿಲ್ಲ. ಯಾರು ಬೇಕಾದರೂ ಯಾವ ಗುಂಪಿಗಾದರೂ ದನಿ ಕಳುಹಿಸಬಹುದೆಂಬ ಮೂಲ ಮಾದರಿಯನ್ನು ಜಾಲಜಾಲಗಳ ನಡುವೆ ಕೈಬಿಡುವುದೇ ಲೇಸೆಂದು 2020ರಲ್ಲಿ ತಜ್ಞರೇ ಸಲಹೆಯಿತ್ತರು.

ಒಬ್ಬನೇ ಒಡೆಯನಿರುವಲ್ಲಿ ಮಾತ್ರ ಇದು ಬಾಳಿದೆ. ಕೆಲವು ದೂರವಾಣಿ ಸಂಸ್ಥೆಗಳು ತಮ್ಮ ಚಂದಾದಾರರಿಗೆ ಟೆಲಿವಿಷನ್ ಮುಟ್ಟಿಸುವುದು ಹೀಗೆಯೇ. ಉಳಿದೆಡೆ ಬೇರೊಂದು ಉಪಾಯ ಗೆದ್ದಿತು. 1998ರಲ್ಲಿ ಸ್ಥಾಪನೆಯಾದ ಅಕಮಾಯ್ ಮೊದಲಾದ ಸಂಸ್ಥೆಗಳು ಊರೂರಿನ ಜಾಲಗಳಲ್ಲಿ ತಮ್ಮ ಉಗ್ರಾಣಗಳನ್ನಿಟ್ಟು, ಹತ್ತಿರದಿಂದಲೇ ಪ್ರತಿ ಹಂಚತೊಡಗಿದವು. ಅದಕ್ಕೆ ಎಲ್ಲರ ಒಪ್ಪಿಗೆ ಬೇಡ, ಇಬ್ಬರ ಒಪ್ಪಂದ ಸಾಕು.

ಆದರೆ ಅಂಥ ಉಗ್ರಾಣಗಳನ್ನು ಕಟ್ಟುವ ಶಕ್ತಿ ಎಲ್ಲರಿಗಿಲ್ಲ. ನಮ್ಮ ಸಂಗೀತ ಸಭೆ ಇಂದು ದೊಡ್ಡ ಸಂಸ್ಥೆಯೊಂದರ ಜಗಲಿಯಲ್ಲಿ ಕುಳಿತು ಹಾಡುತ್ತದೆ. ಹಾಡು ತಡೆಯಿಲ್ಲದೆ ಕೇಳಿಸುತ್ತದೆ, ನಿಜ. ಜಗಲಿಯ ಕಟ್ಟಳೆ ಮಾತ್ರ ಆ ಸಂಸ್ಥೆಯದು. ಇದು ತಂತ್ರಜ್ಞಾನದ ಕೊರತೆಯಿಂದ ಬಂದ ಸ್ಥಿತಿಯಲ್ಲ, ನೆರೆಹೊರೆಯವರು ಲೆಕ್ಕ ಹಂಚಿಕೊಳ್ಳಲಾರದೆ ಬಂದದ್ದು ಎಂಬುದನ್ನು ನಾವು ಮರೆಯಬಾರದೆಂದಷ್ಟೇ ನನ್ನ ವಿನಂತಿ.