ಮನಸ್ಸಿನ ಗದ್ದಲಕ್ಕೆ ಐದು ಹೆಸರು

ಕಣ್ಣು ಮುಚ್ಚಿ ಕೂತವರಿಗೆ ಮೊದಲು ಎದುರಾಗುವುದು ಶಾಂತಿಯಲ್ಲ, ಗದ್ದಲ. ಮಗಳ ಶಾಲೆಯ ಫೀಸು, ನಿನ್ನೆ ಯಾರೋ ಆಡಿದ ಮಾತು, ನಾಳೆ ಹಿಡಿಯಬೇಕಾದ ಬಸ್ಸು ಒಂದರ ಹಿಂದೊಂದು ನುಗ್ಗುತ್ತವೆ. ಧ್ಯಾನ ನಮ್ಮಂಥವರಿಗಲ್ಲ ಎಂದು ಬಹಳ ಮಂದಿ ಎದ್ದುಬಿಡುವುದು ಇಲ್ಲೇ. ಪತಂಜಲಿಯ ಯೋಗಸೂತ್ರ ಕೈಹಿಡಿಯುವುದೂ ಇಲ್ಲೇ.

ಮನಸ್ಸಿನ ಈ ಓಡಾಟಗಳನ್ನು, ಅಂದರೆ ಚಿತ್ತವೃತ್ತಿಗಳನ್ನು, ತಡೆಯುವುದೇ ಯೋಗವೆಂದು ಎರಡನೆಯ ಸೂತ್ರದಲ್ಲೇ ಹೇಳುವ ಪತಂಜಲಿ, ತಡೆಯುವ ಉಪಾಯಕ್ಕೆ ಅವಸರಪಡುವುದಿಲ್ಲ. ಮೊದಲು ವೃತ್ತಿಗಳ ಗುರುತು ಹೇಳಿಕೊಡುತ್ತಾನೆ: ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ. ಈ ಐದನ್ನು ಬಾಯಿಪಾಠ ಮಾಡುವುದು ಸುಲಭ. ಬಳಸಿ ನೋಡಿದಾಗಲೇ ಅವುಗಳ ಹರಿತ ತಿಳಿಯುವುದು.

ಪರಿಚಿತರೊಬ್ಬರು ಎದುರಿಗೆ ಬಂದೂ ಮಾತಾಡಿಸದೆ ಹೋದರು ಎನ್ನಿ. ಅವರು ಹೋದದ್ದನ್ನು ಕಂಡೆವಲ್ಲ, ಅದು ಪ್ರಮಾಣ. ಅವರು ನಮ್ಮನ್ನು ನೋಡಿಯೇ ಇರಲಿಲ್ಲ. ಬೇಕೆಂದೇ ಕಡೆಗಣಿಸಿದರೆಂದು ನಾವು ತಿಳಿದದ್ದು ವಿಪರ್ಯಯ. ‘ಮರ್ಯಾದೆ ಹೋಯಿತು’ ಎಂದು ಒಳಗೇ ಕುದಿಯುವಾಗ ಅಲ್ಲಿರುವುದು ಬರಿಯ ಶಬ್ದ, ಅದರ ಹಿಂದೆ ವಸ್ತುವಿಲ್ಲ, ಅದು ವಿಕಲ್ಪ. ರಾತ್ರಿ ಮತ್ತೆ ಅದೇ ದೃಶ್ಯ ಕಣ್ಣಿಗೆ ಕಟ್ಟಿದರೆ ಸ್ಮೃತಿ. ಹೀಗೆ ಬಿಡಿಸಿಟ್ಟಾಗ, ನಮ್ಮನ್ನು ಸುಟ್ಟ ಸಂಗತಿಯಲ್ಲಿ ನಿಜವಾಗಿ ನಡೆದದ್ದು ಎಷ್ಟು ಕಡಿಮೆ ಎಂಬುದು ಕಾಣುತ್ತದೆ. ನೋಡುತ್ತಿರುವ ನಾನು ಬೇರೆ, ಓಡುತ್ತಿರುವ ಯೋಚನೆ ಬೇರೆ ಎಂಬ ಅಂತರವೂ ಅಲ್ಲೇ ಹುಟ್ಟುತ್ತದೆ. ನಿದ್ರೆಯನ್ನೂ ವೃತ್ತಿಗಳ ಸಾಲಿಗೆ ಸೇರಿಸಿದ ಸೂಕ್ಷ್ಮತೆಗೆ ತಲೆಬಾಗಬೇಕು: ಕೂತಲ್ಲೇ ಬರುವ ಮಂಪರನ್ನು ಸಮಾಧಾನವೆಂದು ಭ್ರಮಿಸುವಂತಿಲ್ಲ.

ಗುರುತಿಸಿದ ಮೇಲೆ ಮಾಡಬೇಕಾದದ್ದು ಅಭ್ಯಾಸ ಮತ್ತು ವೈರಾಗ್ಯ. ಗೀತೆಯ ಆರನೆಯ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ಅರ್ಜುನ ಹೇಳಿಕೊಂಡಾಗ ಕೃಷ್ಣ ಸೂಚಿಸುವುದೂ ಇದೇ ಜೋಡಿಯನ್ನು. ಕಷ್ಟವೆಂಬುದನ್ನು ಅವನು ಒಪ್ಪಿಕೊಂಡೇ ಉತ್ತರ ಕೊಡುತ್ತಾನೆ. ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಚಿತ್ತವನ್ನು ಎರಡು ಕಡೆಗೆ ಹರಿಯುವ ನದಿಯಾಗಿ ಕಂಡರು: ವಿಷಯಗಳ ಕಡೆಗೆ ಹರಿಯುವ ನೀರಿಗೆ ವೈರಾಗ್ಯದ ಕಟ್ಟೆ, ವಿವೇಕದ ಕಡೆಗೆ ಅಭ್ಯಾಸದ ದಾರಿ.

ಅಭ್ಯಾಸವೆಂದರೆ ಬಲವಂತವಲ್ಲ. ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ಮರಳಿ ಕರೆತರುವುದು. ಅದು ಬಹುಕಾಲ, ಎಡೆಬಿಡದೆ, ಆದರದಿಂದ ನಡೆದರೆ ಮಾತ್ರ ಬೇರೂರುತ್ತದೆ ಎನ್ನುತ್ತಾನೆ ಪತಂಜಲಿ. ಅವನು ಎಣಿಸಿರುವ ಒಂಬತ್ತು ಅಡ್ಡಿಗಳಲ್ಲಿ, ಏರಿದ ನೆಲೆಯಲ್ಲಿ ನಿಲ್ಲಲಾಗದೆ ಜಾರುವುದೂ ಒಂದು. ಜಾರಿದವರಿಗೆ ಶಾಸ್ತ್ರ ಬಾಗಿಲು ಮುಚ್ಚಿಲ್ಲ.

ಯೋಗಸೂತ್ರದ ಮೊದಲ ಭಾಗವಾದ ಸಮಾಧಿಪಾದದಲ್ಲಿರುವುದು 51 ಸೂತ್ರಗಳು, ಗೀತೆಯ ಆ ಅಧ್ಯಾಯದಲ್ಲಿ 47 ಶ್ಲೋಕಗಳು. ದಿನಕ್ಕೊಂದನ್ನು ಅರ್ಥಸಹಿತ ಓದಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಬಂದ ಯೋಚನೆ ಐದರಲ್ಲಿ ಯಾವುದೆಂದು ನೋಡಿ.