ಹದಿನಾರರಲ್ಲಿ ಹದಿನೈದು ಕಳೆದರೆ ಒಂದಲ್ಲ

ಟೆಕ್ಸಸ್‌ನಲ್ಲಿ ರೈಫಲ್ಲಿನ ಸದ್ದು ತಗ್ಗಿಸುವ ಸಪ್ರೆಸರ್ ಅಂಗಡಿಯಲ್ಲಿ ಸಿಗುವ ಮಾಲು. ಸಿನಿಮಾದ ‘ಫುಸ್’ ಸದ್ದು ಬರೀ ಬುರುಡೆ. ಎಆರ್-15 ರೈಫಲ್ಲಿನ 160 ಡೆಸಿಬೆಲ್ ದಾಟುವ ಹೊಡೆತವನ್ನು ಅದು 20–30 ಡೆಸಿಬೆಲ್ ತಗ್ಗಿಸುತ್ತದೆ, ಅಷ್ಟೇ. ಕಿವಿಗೆ ಅದೇ ದೊಡ್ಡ ಉಪಕಾರ. 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್, ಮ್ಯಾಕ್ಸಿಮ್ ಮೆಷಿನ್‌ಗನ್ ಮಾಡಿದವನ ಮಗ. ಅಪ್ಪ ಎಬ್ಬಿಸಿದ ಗದ್ದಲ ಅಡಗಿಸಲು ಮಗ ಹೊರಟಿದ್ದ! ಅಮೆರಿಕದ 1934ರ ಕಾನೂನು ಸಪ್ರೆಸರಿನ ಮೇಲೆ ಹೇರಿದ್ದ 200 ಡಾಲರ್ ತೆರಿಗೆ 2026ರ ಜನವರಿಯಿಂದ ಸೊನ್ನೆಗೆ ಇಳಿದಿದೆ. ನೋಂದಣಿ ಮಾತ್ರ ತಪ್ಪಿಲ್ಲ.

ನಾನು ಪೀಣ್ಯದ ಟೂಲ್‌ರೂಮಿನಲ್ಲಿ ಕಸುಬು ಕಲಿತವನು. ವರ್ನಿಯರ್ ಇಟ್ಟುಕೊಂಡಿದ್ದೇನೆಂದು ಗೊತ್ತಿರುವ ಇಲ್ಲಿ ಟೆಕ್ಸಸ್‌ನ ಗೆಳೆಯರು ತರುವ ತಕರಾರು ಒಂದೇ: ಹೊಸ ಸಪ್ರೆಸರ್ ಪೂರ್ತಿ ಕೂರುತ್ತಿಲ್ಲ, ಹ್ಯಾಂಡ್‌ಗಾರ್ಡಿಗೆ ತಾಗುತ್ತಿದೆ.

ಹ್ಯಾಂಡ್‌ಗಾರ್ಡ್ ಎಂದರೆ ಬ್ಯಾರಲ್ಲಿನ ಸುತ್ತ ಇರುವ, ಮುಂದಿನ ಕೈಯಲ್ಲಿ ಹಿಡಿಯುವ ಅಲ್ಯೂಮಿನಿಯಂ ಕೊಳವೆ. ಕೊಡಗಿನ ಹಲವು ಹಳೆಯ ಕೋವಿಗಳಲ್ಲಿ ಮರದ ಹಿಡಿ ಮೂತಿಗಿಂತ ಎಷ್ಟೋ ಹಿಂದೆಯೇ ನಿಲ್ಲುವುದರಿಂದ ಈ ಪೇಚು ಹುಟ್ಟುವುದೇ ಇಲ್ಲ. ಈಗಿನ ಫ್ಯಾಷನ್ ಉದ್ದ ಹ್ಯಾಂಡ್‌ಗಾರ್ಡಿನದು: 16 ಇಂಚಿನ ಬ್ಯಾರಲ್ಲಿಗೆ 15 ಇಂಚಿನದು. ಒಂದು ಇಂಚು ಹೊರಗೆ ಉಳಿಯಿತಲ್ಲ ಎಂದು ಕೊಳ್ಳುವವರ ಲೆಕ್ಕ.

ಉಳಿಯುವುದಿಲ್ಲ. ಬ್ಯಾರಲ್ಲನ್ನು ಅಳೆಯುವುದು ಅದರ ಹಿಂಬಾಯಿ ಮುಚ್ಚಿದ ಬೋಲ್ಟಿನ ಮುಖದಿಂದ, ಹ್ಯಾಂಡ್‌ಗಾರ್ಡನ್ನು ಅಳೆಯುವುದು ಬೋಲ್ಟ್ ಆಡುವ ಒಡಲಾದ ರಿಸೀವರಿನ ಮುಂಭಾಗದಿಂದ. ಬೋಲ್ಟಿನ ಮುಖ ರಿಸೀವರಿನ ಒಳಗೆ ಅರ್ಧ ಇಂಚಿಗಿಂತಲೂ ಹೆಚ್ಚು ಹಿಂದಿರುತ್ತದೆ. ಅಲ್ಲೇ ಅಷ್ಟು ಹೋಯಿತು. ಮೂತಿಯ ಮರೆ (ಥ್ರೆಡ್) ಇನ್ನೂ ಅರ್ಧ ಇಂಚಿಗೆ ಮೇಲ್ಪಟ್ಟು ಉದ್ದ. ಮರೆ ಮುಗಿಯುವ ಮೆಟ್ಟಿಲು, ಅಂದರೆ ಸಪ್ರೆಸರ್ ಒತ್ತಿ ಕೂರಬೇಕಾದ ಭುಜ, ಹ್ಯಾಂಡ್‌ಗಾರ್ಡಿನ ಒಳಗೇ ಅಡಗಿಬಿಡುತ್ತದೆ. ರಿಸೀವರಿನ ಮುಖದಿಂದ ಆ ಭುಜದವರೆಗೆ ಟೇಪು ಹಿಡಿಯಿರಿ. ಡಬ್ಬಿಯ ಮೇಲಿನ ನಂಬರನ್ನು ನಾನಂತೂ ನಂಬುವುದಿಲ್ಲ.

ಒಳಗೆ ತೂರಿಸಿದರೇನು ಎನ್ನುವವರಿದ್ದಾರೆ. ತೆಳ್ಳನೆಯ ಹ್ಯಾಂಡ್‌ಗಾರ್ಡುಗಳ ಒಳವ್ಯಾಸ 1.3ರಿಂದ 1.5 ಇಂಚು, ಸಪ್ರೆಸರಿನ ಹೊರವ್ಯಾಸ ಸಾಮಾನ್ಯವಾಗಿ 1.5 ಅಥವಾ ಮೇಲೆ. ಹೇಗೋ ತೂರಿತೆಂದೇ ಇಟ್ಟುಕೊಳ್ಳಿ. ಸಪ್ರೆಸರನ್ನು ಮೂತಿಗೆ ಕೂರಿಸುವ ಕೆಲವು ಮೌಂಟುಗಳ ಹಿಂಬದಿಯ ಕಾಲರನ್ನು ಬೆರಳಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಅದು ಕೊಳವೆಯೊಳಗಿದ್ದರೆ ಬೆರಳು ಹೋಗುವುದೆಲ್ಲಿ? ಮೇಲಾಗಿ ನಾಲ್ಕೈದು ಮ್ಯಾಗಜೀನ್ ಬಿಡುವಷ್ಟರಲ್ಲಿ ಸಪ್ರೆಸರ್ ಕಾದ ಹೆಂಚಾಗುತ್ತದೆ. ಎರಡು ಕಾಲಿನ ಬೈಪಾಡಿನ ಮೇಲೆ ಭಾರ ಹಾಕಿದಾಗ ಹ್ಯಾಂಡ್‌ಗಾರ್ಡ್ ಕೂದಲೆಳೆಯಷ್ಟು ಬಾಗಿ ಸಪ್ರೆಸರಿಗೆ ತಾಗಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಸುತ್ತಲೂ 2–3 ಮಿ.ಮೀ. ಸಂದು ಬೇಕೆಂಬುದು ನನ್ನ ಲೆಕ್ಕ, ಅದೂ ಒಳಗೆ ಸ್ಕ್ರೂ ತಲೆ ಚಾಚಿರುವಲ್ಲಿ ಅಳೆದು.

ಇದಕ್ಕಿಂತ ನನ್ನನ್ನು ಹೆದರಿಸುವುದು ಕ್ರಷ್ ವಾಷರ್. ಮೂತಿಯ ಬೆಂಕಿ ಮರೆಸುವ ಫ್ಲ್ಯಾಷ್ ಹೈಡರಿನ ಸೀಳುಗಳು ಸರಿಯಾದ ದಿಕ್ಕಿಗೆ ನಿಲ್ಲಲಿ ಎಂದು ಹಾಕುವ ಈ ವಾಷರ್ ಜಜ್ಜಿಕೊಳ್ಳುವಾಗ ಎಲ್ಲ ಕಡೆ ಒಂದೇ ಸಮ ಜಜ್ಜಿಹೋಗುವುದಿಲ್ಲ. ಬರೀ ಫ್ಲ್ಯಾಷ್ ಹೈಡರಿಗೆ ಪರವಾಗಿಲ್ಲ. ಅದರ ಮೇಲೆ ಎಂಟು ಇಂಚಿನ ಸಪ್ರೆಸರ್ ಬಂದರೆ? ಅರ್ಧ ಡಿಗ್ರಿ ವಾಲಿದರೆ ತುದಿಯಲ್ಲಿ ಸುಮಾರು 1.8 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಒಳಗಿನ ಅಡ್ಡಬಿಲ್ಲೆಗಳ, ಅಂದರೆ ಬ್ಯಾಫಲ್‌ಗಳ, ತೂತಿಗೂ ಗುಂಡಿಗೂ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಗುಂಡು ಬ್ಯಾಫಲ್ಲಿಗೆ ಬಡಿದರೆ ಸಪ್ರೆಸರ್ ಹಾಳು, ಚೂರು ಯಾರಿಗೆ ಸಿಡಿಯುತ್ತದೋ ದೇವರೇ ಬಲ್ಲ. ಅದಕ್ಕೇ ಇಲ್ಲಿ ಚಪ್ಪಟೆ ಶಿಮ್ ಬಳಸುತ್ತಾರೆ. ಆಮೇಲೆ ರೈಫಲ್ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಬ್ಯಾರಲ್ಲಿನೊಳಗೆ ನೆಟ್ಟಗಿನ ಅಲೈನ್‌ಮೆಂಟ್ ರಾಡ್ ತೂರಿಸಿ, ಅದು ಸಪ್ರೆಸರಿನ ಬಾಯಿಯ ನಟ್ಟನಡುವೆ ಬಂದಿದೆಯೇ ನೋಡುತ್ತಾರೆ. ಈ ರಾಡಿಗೆ ದುಡ್ಡು ದಂಡ ಎನ್ನುವವರ ಜೊತೆ ನಾನು ರೇಂಜಿಗೆ ಹೋಗುವುದಿಲ್ಲ.

ಆದ್ದರಿಂದ ಮೊದಲು ಆರಿಸಬೇಕಾದದ್ದು ಸಪ್ರೆಸರ್, ಆಮೇಲೆ ಅದರ ಮೌಂಟ್, ಕೊನೆಗೆ ಹ್ಯಾಂಡ್‌ಗಾರ್ಡ್. ಅಂಗಡಿಗೆ ಹೋದವರು ಇದನ್ನು ತಲೆಕೆಳಗು ಮಾಡುತ್ತಾರೆ, ಹ್ಯಾಂಡ್‌ಗಾರ್ಡೇ ಕಣ್ಣಿಗೆ ಚೆಂದ ಕಾಣುತ್ತದಲ್ಲ. 16 ಇಂಚಿನ ಬ್ಯಾರಲ್ ಇದ್ದವರು ಎಡವಟ್ಟಾದರೂ ಬಿಚ್ಚಿ ಇನ್ನೊಂದು ಹಾಕಬಹುದು. 14.5 ಇಂಚಿನ ಬ್ಯಾರಲ್ಲಿಗೆ ಆ ಸಲೀಸಿಲ್ಲ. ನೋಂದಣಿ ಇಲ್ಲದ ರೈಫಲ್ಲಿನ ಬ್ಯಾರಲ್ ಕನಿಷ್ಠ 16 ಇಂಚು ಇರಬೇಕೆಂಬ ಕಾನೂನಿಗಾಗಿ ಮೂತಿಯ ಮೌಂಟನ್ನು ಪಿನ್ ಹೊಡೆದು ವೆಲ್ಡ್ ಮಾಡಿಬಿಡುತ್ತಾರೆ. ಆಮೇಲೆ ಗ್ಯಾಸ್ ಬ್ಲಾಕ್ ಮುಂದಿನಿಂದ ಹೊರಬರುವುದಿಲ್ಲ, ಬ್ಯಾರಲ್ ನಟ್ಟೂ ಅಲ್ಲೇ ಸೆರೆ; ಹಾಗಾಗಿ ಹ್ಯಾಂಡ್‌ಗಾರ್ಡ್ ಬದಲಿಸುವುದು ಸುಲಭವಲ್ಲ. ಅಂಥವರು ವೆಲ್ಡಿಂಗಿಗೆ ಕೊಡುವ ಮುಂಚೆ ಸಪ್ರೆಸರನ್ನು ಒಮ್ಮೆ ಕೂರಿಸಿ, ಸಂದಿಯಲ್ಲಿ ಫೀಲರ್ ಗೇಜ್ ಸುತ್ತ ಆಡಿಸಿ ನೋಡಲಿ.